ದಂಡಿನ ದೊರೆ ನಮ್ಮ ಜಗಲಿಗೆ ಬಂದದ್ದು

ಮೊನ್ನೆ ನಮ್ಮನೆಯವರು ಸಂತೆಯಿಂದ ಕಡಲೆಕಾಯಿ ತಂದರು. ಪೊಟ್ಟಣದ ಕಾಗದದಲ್ಲಿ ಒಬ್ಬ ರಾಜಕುಮಾರ ಇದ್ದ. ಯಾವ ದೇಶದವನೋ, ಹೆಸರಿದ್ದ ಕಡೆಯೇ ಹರಿದಿತ್ತು. ಮೈತುಂಬ ದಂಡಿನ ಉಡುಪು, ಎದೆಯ ಮೇಲೆ ಪದಕಗಳ ಸಾಲು. ಮೀಸೆ ಮಾತ್ರ ಇನ್ನೂ ಬರಲೋ ಬೇಡವೋ ಎನ್ನುತ್ತಿತ್ತು. ನಾನು ಸಿಪ್ಪೆ ಕೊಡವಿ, ಕಾಗದವನ್ನು ಮೊಣಕಾಲ ಮೇಲೆ ಸವರಿಕೊಂಡು, “ಪಾಪ, ಎಳೇ ಹುಡುಗ, ದಂಡಿಗೆ ಹೋಗಿದಾನೆ ನೋಡಿ” ಎಂದೆ ಅಷ್ಟೆ.

“ಎಂತಾ ಪಾಪ? ಬರೀ ಏಸ ಕಣೆ ಅದು!” ಎಂದು ನಮ್ಮನೆಯವರು ಬಾಯಲ್ಲಿದ್ದ ಕಡಲೆಬೀಜ ಅಗಿಯುವುದನ್ನೂ ಮರೆತು ಶುರುಮಾಡಿದರು. “ದೊರೆ ಮಕ್ಳು ದಂಡಿಗೆ ಓಗೋದು ಪೋಟೋಕ್ಕೆ. ಬಂದೂಕ ಇಡ್ಯೋನು ಬ್ಯಾರೆ, ಪೋಟೋ ತೆಗಿಸ್ಕಳೋನು ಬ್ಯಾರೆ. ನನ್ಗೇಳಬ್ಯಾಡ, ನಾನ್ ಕಂಡಿವ್ನಿ.”

ಇವರ ಹತ್ತಿರ ಯಾವ ವಿಷಯ ಬೇಕಾದರೂ ಮಾತಾಡಬಹುದು. ಕಬ್ಬಿನ ಬೆಲೆ, ಎಲೆಕ್ಷನ್ನು, ಬೀಗರ ಮನೆಯ ಸಾರಿನಲ್ಲಿ ಉಪ್ಪು ಕಡಿಮೆಯಾದದ್ದು, ಯಾವುದಕ್ಕೂ ಹದವಾಗಿಯೇ ಮಾತಾಡುತ್ತಾರೆ. ದೊರೆಗಳು ದಂಡಿಗೆ ಸೇರುವ ಮಾತು ಮಾತ್ರ ಎತ್ತಬಾರದು, ಎತ್ತಿದರೆ ಅದೆಲ್ಲ ಬರೀ ವೇಷ ಎಂದು ಹಾರಿಬೀಳುತ್ತಾರೆ. ತಮಾಷೆ ಏನೆಂದರೆ, ಇದೇ ಮನುಷ್ಯ ಮದುವೆಯಾದ ಹೊಸದರಲ್ಲಿ ಇದಕ್ಕೆ ತದ್ವಿರುದ್ಧವಾಗಿ ವಾದಿಸುತ್ತಿದ್ದರು. ಅದು ಯಾಕೆ ತಿರುಗುಮುರುಗಾಯಿತು ಎನ್ನುವುದು ನನಗೆ ಗೊತ್ತು, ನಮ್ಮತ್ತೆಗೆ ಗೊತ್ತಿತ್ತು, ಇವರಿಗೆ ಇವತ್ತಿಗೂ ಗೊತ್ತಿಲ್ಲ. ಬರೆದರೆ ಓದಿಬಿಟ್ಟಾರೆಂಬ ಭಯವೂ ನನಗಿಲ್ಲ. ಇವರು ಪತ್ರಿಕೆ ಕೈಗೆತ್ತಿಕೊಳ್ಳುವುದು ಧಾರಣೆ ನೋಡುವುದಕ್ಕೆ, ಇಲ್ಲವೇ ಯಾರಾದರೂ ಅದರಲ್ಲಿ ಕಡಲೆಕಾಯಿ ಕಟ್ಟಿಕೊಟ್ಟಾಗ.

ನಾನು ಮಂಡ್ಯದ ಮೇಷ್ಟರ ಮಗಳು. ಸಕ್ಕರೆ ಕಾರ್ಖಾನೆಯ ಕೂಗು ಕೇಳಿ ಎದ್ದು, ಅಪ್ಪ ಪತ್ರಿಕೆ ಓದುವಾಗ ಅವರ ಹೆಗಲ ಮೇಲಿಂದ ಇಣುಕಿ ಅಕ್ಷರ ಕಲಿತವಳು. ನನ್ನನ್ನು ಕೊಟ್ಟದ್ದು ಸೋಮನಹಳ್ಳಿಯ ದೊಡ್ಡ ರಸ್ತೆಯಿಂದ ಒಳಕ್ಕೆ ಸರಿದ ಒಂದು ಹಳ್ಳಿಗೆ. ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಪರದಾಟ, ಬಟ್ಟೆಗೆ ಪರದಾಟ; ಗಂಡುಗಳಿಗೆ ಮಾತ್ರ ಬರವಿರಲಿಲ್ಲ ಅಂತ ಕಾಣುತ್ತದೆ, ಅಪ್ಪ ನೋಡಿದ ಮೊದಲನೆಯ ಗಂಡೇ ಗಟ್ಟಿಯಾಯಿತು. ಗರಡಿಯಲ್ಲಿ ಸಾಮು ಮಾಡಿದ ಆಳು, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ನಮ್ಮಮ್ಮ ಬಾಗಿಲ ಸಂದಿಯಿಂದ ನೋಡಿ, “ಇಷ್ಟು ಅಗಲದ ಅಳಿಯನಿಗೆ ಪಂಚೆ ಯಾವ ಅಂಗಡೀಲಿ ಸಿಕ್ಕುತ್ತೆ?” ಎಂದು ಚಿಂತೆ ಮಾಡಿದಳಂತೆ.

ಇವರ ಹೆಸರನ್ನು ನಾನು ಹೇಳುವುದಿಲ್ಲ, ನಮ್ಮ ಕಡೆ ಹೇಳುವ ಪದ್ಧತಿ ಇಲ್ಲ. ಅತ್ತೆ ಕರೆಯುವಾಗ ನಿಮ್ಮ ಕಿವಿಗೆ ಬೀಳುತ್ತದೆ, ಆಗ ತಿಳಿದುಕೊಳ್ಳಿ.

ಅತ್ತೆ ಪೂರಿಗಾಲಿಯ ಕಡೆಯವರು. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನೂ ಒಂದು ಜೊತೆ ಎತ್ತನ್ನೂ ಒಂದೇ ಸಮನಾಗಿ ಬೈದು ಸಾಕಿದವರು. ಆ ಮನೆಯಲ್ಲಿ ಒಂದು ಕಾನೂನಿತ್ತು. ಯಾರೇ ಬರಲಿ, ಜೋಡು ಬಿಟ್ಟು ಕಾಲಿಗೆ ನೀರು ಹಾಕಿಕೊಳ್ಳದೆ ಜಗಲಿ ಹತ್ತುವಂತಿಲ್ಲ, ಬಾಯಿಗೆ ನೀರೂ ಇಲ್ಲ. ಅಮಲ್ದಾರರನ್ನೇ ಒಮ್ಮೆ ಬೂಟು ಬಿಚ್ಚುವವರೆಗೂ ಬಿಸಿಲಲ್ಲಿ ನಿಲ್ಲಿಸಿದ್ದರೆಂದು ಊರಲ್ಲಿ ಹೇಳುತ್ತಿದ್ದರು. ನಾನು ಮಂಡ್ಯದ ಗತ್ತಿನಲ್ಲಿ ಚಪ್ಪಲಿ ಹಾಕಿಕೊಂಡು ಹೊಸ್ತಿಲ ತನಕ ಹೋದವಳು ಆವತ್ತು ತಿಂದ ಬೈಗುಳ ನೆನೆಸಿಕೊಂಡರೆ ಈಗಲೂ ಕಾಲಬೆರಳು ಮುದುಡುತ್ತವೆ.

ಆ ವರ್ಷವೇ ಊರಿಗೆ ಸುದ್ದಿ ಬಂತು. ಅರಮನೆಗೆ ನೆಂಟರಾಗಬೇಕಾದ ಒಬ್ಬ ಚಿಕ್ಕ ದೊರೆ ತಾವೇ ದಂಡಿಗೆ ಸೇರಿ ಕ್ಯಾಪ್ಟನ್ ಆಗಿದ್ದಾರೆ, ಹಳ್ಳಿ ಹಳ್ಳಿ ತಿರುಗಿ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿದ್ದಾರೆ, ನಮ್ಮೂರಿಗೂ ಬರುತ್ತಾರೆ. ನಮ್ಮನೆಯವರ ತಲೆ ಕೆಡಲು ಅಷ್ಟೇ ಸಾಕಾಯಿತು.

“ದೊರೆ ಮಗನೇ ಓಯ್ತಾವ್ನೆ, ನಾನ್ಯಾಕವ್ವ ಸಗಣಿ ಬಾಚ್ಕಂಡ್ ಕೂತಿರ್ಲಿ?” ಎಂದರು ಒಂದು ದಿನ ಊಟಕ್ಕೆ ಕೂತಾಗ.

“ಅವ್ನು ಓಯ್ತಾನೆ ಅಂತ ಯಾವನ್ಲಾ ಯೋಳಿದ್ದು ನಿಂಗೆ?” ಎಂದರು ಅತ್ತೆ. “ಬೆಳ್ಳಿತಟ್ಟೇಲಿ ಉಂಡೋರು ಬಂದೂಕದ ಮುಂದಕ್ಕೋದಾರಾ? ಏಸ ಕಟ್ಕಂಡು ಬತ್ತಾರೆ, ಏಸ ಬಿಚ್ಚಾಕಿ ಮನೀಕತ್ತಾರೆ. ಸಾಯಕ್ಕೆ ಮಾತ್ರ ನನ್ ಮಗ ಬೇಕು, ಅಲ್ವಾ? ಸುಮ್ಕೆ ಉಣ್ಣು ನಿಂಗ.”

“ಏಸ ಅಲ್ಲ ಕಣವ್ವ, ಅದು ಧರ್ಮ. ಸೀಮೆ ಕಾಯೋದು ದೊರೆ ಧರ್ಮ.”

“ಆ ಧರ್ಮ ನಂಗೆ ಕಣ್ಣಲ್ಲಿ ಕಾಣಿಸ್ಲಿ, ಆಮ್ಯಾಕೆ ನೀನು ಓಗಿವಂತೆ.”

ಇದು ದಿನಾ ನಡೆಯುತ್ತಿತ್ತು. ನಾನು ಮಧ್ಯೆ ಸಾರು ಬಡಿಸುತ್ತ, ಒಳಗೊಳಗೇ ಅತ್ತೆಯ ಕಡೆ ಇರುತ್ತಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅಷ್ಟು ಅಗಲದ ಗಂಡ ಇಲ್ಲದೆ ಹೋದರೆ ಆ ಮನೆ ಎಷ್ಟು ಖಾಲಿ ಕಂಡೀತು ಎಂದು ನೆನೆಸಿದರೇ ಹೊಟ್ಟೆ ಕಲಸುತ್ತಿತ್ತು. ಹೊಟ್ಟೆ ಕಲಸುವುದಕ್ಕೆ ಬೇರೆ ಕಾರಣವೂ ಇದ್ದೀತೆಂದು ಮೊದಲು ಕಂಡುಹಿಡಿದವರು ಅತ್ತೆ. “ಅವ್ನಿಗೆ ಈಗ್ಲೇ ಯೋಳ್ಬ್ಯಾಡ ಅಮ್ಮಿ” ಎಂದರು. “ಯೋಳಿದ್ರೆ ಗಂಡಸ್ತನ ಬಂದು ಇನ್ನೂ ಜಲ್ದಿ ಓಯ್ತಾನೆ.” ಗಂಡಸರ ವಿಷಯದಲ್ಲಿ ಅತ್ತೆಯ ಲೆಕ್ಕ ತಪ್ಪುತ್ತಿರಲಿಲ್ಲ, ನಾನು ಸುಮ್ಮನಿದ್ದೆ.

ದೊರೆ ಬರುವ ದಿನ ಬಂತು. ಪಟೇಲರು ಕಣವನ್ನು ಗುಡಿಸಿ, ಸಾರಿಸಿ, ಗಾಡಿಯ ಹಲಗೆಗಳನ್ನು ಜೋಡಿಸಿ ವೇದಿಕೆ ಮಾಡಿಸಿದ್ದರು. ದೊರೆಯನ್ನು ಕರೆತರಲು ಊರಲ್ಲೇ ಒಳ್ಳೆಯ ಜೋಡಿ ಬೇಕಲ್ಲ, ಅದು ನಮ್ಮದೇ. ಅತ್ತೆ ಬೈಯುತ್ತ ಬೈಯುತ್ತಲೇ ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಅದರ ತುದಿಗೆ ಹಿತ್ತಾಳೆಯ ಕೊಪ್ಪು ಹಾಕಿ, ಗೆಜ್ಜೆ ಕಟ್ಟಿದರು. ದೊರೆಯ ಮೇಲಿನ ಕೋಪವನ್ನು ಎತ್ತಿನ ಮೇಲೆ ತೋರಿಸುವ ಜಾಯಮಾನ ಅವರದಲ್ಲ.

ಇಲ್ಲಿ ನಮ್ಮೂರಿನವರು ಒಂದು ಕೆಲಸ ಮಾಡಿದರು. ದೊರೆ ಅಂದಮೇಲೆ ರೈಲಿನಲ್ಲೇ ಬರಬೇಕು ಎಂದು ಪಟೇಲರಿಂದ ಹಿಡಿದು ತಮಟೆಯವರ ತನಕ ಯಾರಿಗೂ ಅನುಮಾನವೇ ಇರಲಿಲ್ಲ. ಯಾರೂ ಯಾರನ್ನೂ ಕೇಳಲೂ ಇಲ್ಲ. ಬೆಳಗಾಗುತ್ತಲೇ ಗಾಡಿ, ತಮಟೆ, ಹೂವಿನ ಹಾರ, ನಮ್ಮನೆಯವರು, ಪಟೇಲರು, ಅವರ ಹಿಂದೆ ಇಡೀ ಊರು, ಎಲ್ಲರೂ ಮದ್ದೂರು ಸ್ಟೇಷನ್ನಿಗೆ ಹೊರಟುಹೋದರು. ದೊರೆ ಬಂದದ್ದು ಬೆಂಗಳೂರ ಕಡೆಯಿಂದ, ಕಾರಿನಲ್ಲಿ. ಪೆಟ್ರೋಲಿಗೆ ತತ್ವಾರವಾಗಿ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾರು ಅದು. ಸೋಮನಹಳ್ಳಿ ಹತ್ತಿರ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತಂತೆ.

ನನಗೂ ಅತ್ತೆಗೂ ಇದೊಂದೂ ಗೊತ್ತಿರಲಿಲ್ಲ. ಸೋಮನಹಳ್ಳಿ ಕಡೆಯ ದಾರಿಯಲ್ಲಿ ಬಂದರೆ ಊರಿಗೆ ಮೊದಲ ಮನೆ ನಮ್ಮದು. ಬಿಸಿಲೇರಿದ ಹೊತ್ತು, ಇಬ್ಬರೂ ಜಗಲಿಯಲ್ಲಿ ರಾಗಿ ಕೇರುತ್ತಿದ್ದೆವು. ಖಾಕಿ ಹಾಕಿದ ಒಬ್ಬ ಹುಡುಗ ಕುಂಟಿಕೊಂಡು ಬಂದು ಬೇಲಿ ಹಿಡಿದು ನಿಂತ. ಹಿಂದೆ ಮೀಸೆಯ ಹವಾಲ್ದಾರ. ಇಬ್ಬರ ಮುಖವೂ ಧೂಳಿನಲ್ಲಿ ಮುಚ್ಚಿಹೋಗಿತ್ತು.

“ಅಮ್ಮ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?” ಎಂದ ಹುಡುಗ.

ಖಾಕಿ ಎಂದರೆ ಅತ್ತೆಗೆ ಒಬ್ಬನೇ ಗೊತ್ತಿದ್ದದ್ದು, ಸಿಡುಬಿಗೆ ಚುಚ್ಚಲು ವರ್ಷವರ್ಷ ಬರುವವನು. “ಈ ಸಲ ಎಳೇ ಮೊಗೀನ ಕಳ್ಸವ್ರೆ” ಎಂದು ನನಗೆ ಹೇಳಿ, ಅವನಿಗೆ, “ನೀರು ಕೊಡ್ತೀನಿ. ಮದ್ಲು ಆ ಜೋಡು ಬುಡು, ಕಾಲ್ಗೆ ನೀರಾಕ್ಕೊ. ಊರಲ್ಲಿ ಯಾರೂ ಇಲ್ಲ, ಯಾರ್ಗೆ ಚುಚ್ಚೀಯಪ್ಪ ನೀನು?” ಎಂದರು.

ಹವಾಲ್ದಾರ ಗಂಟಲು ಸರಿಮಾಡಿಕೊಂಡು ಏನೋ ಹೇಳಹೊರಟ. ಹುಡುಗ ಕೈ ಎತ್ತಿ ತಡೆದು ಮೆಟ್ಟಿಲ ಮೇಲೆ ಕೂತ. ಬೂಟು ಜಪ್ಪಯ್ಯ ಎಂದರೂ ಬರಲೊಲ್ಲದು. ಹವಾಲ್ದಾರ ಎಳೆದ, ಹುಡುಗ ಹಿಂದಕ್ಕೆ ವಾಲಿದ. ಅತ್ತೆ ನೋಡುವಷ್ಟು ನೋಡಿ, “ಅತ್ಲಾಗ್ ಸರಿ ಮಾರಾಯ” ಎಂದು ಹವಾಲ್ದಾರನನ್ನು ಪಕ್ಕಕ್ಕೆ ತಳ್ಳಿ, ಸೆರಗು ಸಿಕ್ಕಿಸಿಕೊಂಡು, ಹಸುವಿನ ಹೆರಿಗೆಯಲ್ಲಿ ಕರು ಎಳೆಯುವ ಹಾಗೆ ಹಿಡಿದು ಎಳೆದರು. ಬೂಟು ಬಂತು, ಅತ್ತೆ ರಾಗಿಯ ಮೊರದ ಮೇಲೆ ಕೂತರು.

ಒಳಗಿನ ಕಾಲು ನೋಡಲು ನಾವಿಬ್ಬರೂ ಬಗ್ಗಿದೆವು. ಬೆಣ್ಣೆಯಂಥ ಕಾಲು, ಹಿಮ್ಮಡಿಯಿಂದ ಬೆರಳ ತನಕ ಬೊಬ್ಬೆ. ಒಂದೆರಡು ಒಡೆದು ಕಾಲುಚೀಲಕ್ಕೆ ಅಂಟಿಕೊಂಡಿದ್ದವು.

“ಯಾರ ಮನೆ ಮಗ್ನಪ್ಪ ನೀನು? ನಡ್ದು ಅಭ್ಯಾಸಿಲ್ವಾ?”

“ಇಲ್ಲಮ್ಮ. ಈಗೀಗ ಕಲೀತಿದೀನಿ.”

ನನಗೆ ಆಗಲೇ ಅನುಮಾನ. ಅಪ್ಪನ ಪತ್ರಿಕೆಯಲ್ಲಿ ಈ ಮುಖವನ್ನು ಕುದುರೆಯ ಮೇಲೆ ನೋಡಿದ್ದೆ. ಅತ್ತೆಯ ತೋಳು ಚಿವುಟಿದೆ. “ಸೊಳ್ಳೆ ಕಡುದ್ರೆ ಒಳೀಕೋಗು” ಎಂದರು. ಕಾಲಿಗೆ ನೀರು ಹಾಕಿಸಿ, ಕುಡಿಯಲು ಒಂದು ಚೆಂಬು ನೀರು ಕೊಡಿಸಿ, ಅರಿಸಿನ ಬೆರೆಸಿದ ಹರಳೆಣ್ಣೆ ತರಿಸಿ ಆ ಕಾಲನ್ನು ಮಡಿಲಿಗೆ ಎಳೆದುಕೊಂಡು ಹಚ್ಚತೊಡಗಿದರು. ಹಚ್ಚುತ್ತಾ ಮಾತು ಶುರುವಾಯಿತು. ಅತ್ತೆ ಕೈಗೆ ಕೆಲಸ ಸಿಕ್ಕರೆ ಬಾಯಿಗೂ ಕೊಡುವವರು.

“ಇವತ್ತು ನಮ್ಮೂರ್ಗೆ ಅದ್ಯಾವನೋ ಅರಮನೆ ಮಗ ಬತ್ತಾನಂತೆ. ಏಸ ಕಟ್ಕಂಡು. ಊರೆಲ್ಲ ಅವ್ನ್ ಮಕ ನೋಡಕ್ಕೋಗ್ಯದೆ. ಅವ್ನು ಬಾವುಟ ಆಡ್ಸಿ ಓಯ್ತಾನೆ, ನಮ್ ಐಕ್ಳು ಓಗಿ ಗುಂಡೇಟ್ ತಿನ್ಬೇಕು.”

ಹವಾಲ್ದಾರನಿಗೆ ಕೆಮ್ಮು ಹತ್ತಿತು. ನಾನು ಇನ್ನೊಮ್ಮೆ ಚಿವುಟಿದೆ. ಹುಡುಗ ನೆಲ ನೋಡುತ್ತಾ, “ಆತನಿಗೂ ಹೋಗೋ ಆಸೆ ಇರಬಹುದಲ್ಲಮ್ಮ” ಎಂದ.

“ಇದ್ರೆ ಓಗ್ಬೇಕಪ್ಪ! ಕಾಲ್ ಕಟ್ಟಾಕವ್ರಾ?”

“ಬಿಡಲ್ಲ ಅಂತಾರೆ. ಕೇಳಿ ಕೇಳಿ ಸಾಕಾಗಿದೆ. ನೀನು ಉಡುಪು ಹಾಕ್ಕೊಂಡು ಜನಕ್ಕೆ ಕಾಣಿಸ್ಕೊ, ಅಷ್ಟೇ ನಿನ್ನ ಕೆಲಸ ಅಂತಾರೆ. ಮನೇಲಿ ಅಮ್ಮ ಬೇರೆ ಊಟ ಬಿಟ್ಟು ಕೂತಿದ್ರು.”

ಅತ್ತೆಯ ಕೈ ನಿಂತಿತು. ಈ ಹುಡುಗನೇ ಆ ದೊರೆಯೆಂದು ಈಗ ಅವರಿಗೂ ಅರ್ಥವಾಯಿತು. ಅತ್ತೆ ಎದ್ದು ಕೈಮುಗಿಯಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಆ ಕಾಲನ್ನು ಕೆಳಗೂ ಇಡಲಿಲ್ಲ. ಮತ್ತೆ ಎಣ್ಣೆ ಸವರುತ್ತಾ ಹೇಳಿದರು:

“ನಿಮ್ಮವ್ವ ಊಟ ಬುಟ್ಟು ನಿಮ್ಮನ್ನ ಉಳಿಸ್ಕಂಡ್ರು ಬುದ್ದಿ. ಅವ್ರು ಮಾಡಿದ್ದು ಸರಿಯಾಗೇ ಅದೆ. ನಾನ್ ಊಟ ಬುಟ್ರೆ ನನ್ ಮಗ ನನ್ ಪಾಲ್ನೂ ಉಂಡು ಎದ್ದೋಯ್ತಾನೆ. ಇರೋನು ಒಬ್ನೇ. ಇವ್ಳು ಬಸ್ರಿ, ಅದು ಅವ್ನಿಗಿನ್ನೂ ಗೊತ್ತಿಲ್ಲ. ನಿಮ್ಮಂಗೇ ತಾನೂ ದಂಡಿಗೋಗ್ಬೇಕು ಅಂತ ಕುಣೀತಾವ್ನೆ. ನಾನೇನ್ ಮಾಡ್ಲಿ, ನೀವೇ ಯೋಳಿ.”

ಹೀಗೆ ನಮ್ಮ ಮನೆಯ ಸಂತೋಷದ ಸಮಾಚಾರ ನಮ್ಮನೆಯವರಿಗಿಂತ ಮೊದಲು ಅರಮನೆಗೆ ತಿಳಿಯಿತು. ನಾನು ನಾಚಿ ಕಂಬದ ಹಿಂದೆ ಹೋದೆ. ದೊರೆ ಉಳಿದ ನೀರನ್ನು ಪೂರ್ತಿ ಕುಡಿದು ಚೆಂಬನ್ನು ಮೆಲ್ಲಗೆ ಕೆಳಗಿಟ್ಟರು.

ಅಷ್ಟರಲ್ಲಿ ತಮಟೆ ಕೇಳಿಸಿತು. ಸ್ಟೇಷನ್ನಿನಲ್ಲಿ ರೈಲು ಬಂದು, ಅದರಲ್ಲಿ ದೊರೆ ಇಲ್ಲದೆ, ಆಮೇಲೆ ಯಾರೋ ಕಾರಿನ ಸುದ್ದಿ ಹೇಳಿ, ಇಡೀ ಊರು ಓಡೋಡಿ ಬರುತ್ತಿತ್ತು. ಹಾರ ಆಗಲೇ ಬಾಡಿತ್ತು. ನಮ್ಮ ಜಗಲಿಯಲ್ಲಿ ಹರಳೆಣ್ಣೆ ಹಚ್ಚಿಸಿಕೊಂಡು ಕೂತ ದೊರೆಯನ್ನು ಕಂಡು ಪಟೇಲರು ನಿಂತಲ್ಲೇ ಅಡ್ಡಬಿದ್ದರು. ಅವರ ಹಿಂದೆ ಓಡಿಬರುತ್ತಿದ್ದ ತಮಟೆಯವನು ಎಡವಿ ಅವರ ಮೇಲೆ ಬಿದ್ದ.

ಬೂಟು ಆ ಕಾಲಿಗೆ ಮತ್ತೆ ಏರುವಂತಿರಲಿಲ್ಲ. ಅತ್ತೆ ಒಳಗಿನಿಂದ ಒಂದು ಜೊತೆ ಎಕ್ಕಡ ತಂದಿಟ್ಟು, “ನನ್ ಮಗಂದು ಬುದ್ದಿ” ಎಂದರು. ದೊರೆ ಎಕ್ಕಡ ನೋಡಿದರು, ಆಮೇಲೆ ಗುಂಪಿನಲ್ಲಿ ಆ ಎಕ್ಕಡಕ್ಕೆ ತಕ್ಕ ಆಳು ಯಾರೆಂದು ನೋಡಿದರು. ಹುಡುಕುವ ಕಷ್ಟವೇನೂ ಇರಲಿಲ್ಲ. ನಮ್ಮನೆಯವರು ಎಲ್ಲರಿಗಿಂತ ಮುಂದೆ ಎದೆ ಉಬ್ಬಿಸಿ ನಿಂತು, ಪಕ್ಕದವರಿಗೆ ತಿವಿದು ತಿವಿದು, “ನನ್ ಎಕ್ಕಡ ಕಣ್ರಲಾ! ದೊರೆ ಕಾಲಲ್ಲಿ ನನ್ ಎಕ್ಕಡ!” ಎನ್ನುತ್ತಿದ್ದರು.

ವೇದಿಕೆಯ ಮೇಲೆ ದೊರೆ ಬಾಯಿಪಾಠದ ಭಾಷಣ ಮಾಡಿದರು. ಸೀಮೆ, ಕರ್ತವ್ಯ, ಶೌರ್ಯ ಎಲ್ಲ ಬಂತು. ಆದರೂ ಆ ದೊಡ್ಡ ಎಕ್ಕಡ ಮಾತಿಗೊಮ್ಮೆ ಪಟಪಟ ಎನ್ನುತ್ತಿತ್ತು, ಕೇಳುವವರ ಕಣ್ಣೆಲ್ಲ ಅದರ ಮೇಲೇ. ಆಮೇಲೆ ಹುಡುಗರು ಸಾಲುಗಟ್ಟಿದರು. ಎತ್ತರ, ಎದೆ ಅಳೆಯುವುದು ಹವಾಲ್ದಾರನ ಕೆಲಸ. ಅವನು ಅಳೆದು ಒಬ್ಬೊಬ್ಬರನ್ನೇ ಪಕ್ಕಕ್ಕೆ ನಿಲ್ಲಿಸುತ್ತಿದ್ದ.

ನಮ್ಮನೆಯವರ ಸರದಿ ಬಂತು. ಅಂಗಿ ಬಿಚ್ಚಿದರು. ಸುತ್ತ ಇದ್ದ ಹೆಂಗಸರು ಇವರ ಮೈಕಟ್ಟು ನೋಡಿ, ಆಮೇಲೆ ನನ್ನ ಕಡೆ ನೋಡಿದರು. ಅತ್ತೆ ನನ್ನ ಕೈ ಹಿಡಿದಿದ್ದರು. ಅಷ್ಟು ಹರಳೆಣ್ಣೆ ಮುಟ್ಟಿದ ಕೈ, ಆದರೂ ಹಿಡಿತ ಜಾರಲಿಲ್ಲ.

ದೊರೆ ಕುರ್ಚಿಯಿಂದ ಎದ್ದರು. ಹವಾಲ್ದಾರನ ಕೈಯಿಂದ ಟೇಪು ತಾವೇ ಇಸಿದುಕೊಂಡರು. ನಮ್ಮನೆಯವರ ಎದೆಯ ಸುತ್ತ ಟೇಪು ಸುತ್ತಿ, ತಲೆ ಬಗ್ಗಿಸಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಒಂದು ಅಂಗುಲ ಸಾಲದು.”

ಹವಾಲ್ದಾರ ಬಾಯಿ ತೆರೆದ. ದೊರೆ ಅವನ ಕಡೆ ನೋಡಿದರು, ಬಾಯಿ ಮುಚ್ಚಿದ.

“ಇನ್ನೊಂದ್ಸಲ ಅಳೀರಿ ಬುದ್ದಿ!” ಎಂದು ನಮ್ಮನೆಯವರು ಕಣ್ಣು ಹೊರಗೆ ಬರುವಷ್ಟು ಉಸಿರು ಎಳೆದುಕೊಂಡರು.

ದೊರೆ ಮತ್ತೆ ಅಳೆದರು. “ಈಗ ಒಂದೂವರೆ” ಎಂದರು.

ಆಗ ನನ್ನ ಪಕ್ಕದಲ್ಲಿ ಅತ್ತೆ ಎದೆ ಬಡಿದುಕೊಂಡು ಶುರುಮಾಡಿದರು: “ಅಯ್ಯಯ್ಯೋ, ನನ್ ಮಗ ದಂಡಿಗೆ ಸಾಲ್ಲಿಲ್ವಲ್ಲಪ್ಪೋ! ನಾನ್ ರಾಗಿ ತಿನ್ಸಿದ್ದು ಮಣ್ಣಾಯ್ತಲ್ಲಪ್ಪೋ!” ಎಂಥ ಅಳು! ಪಟೇಲರೇ ಕಣ್ಣೊರೆಸಿಕೊಂಡರು. ಜೀವಮಾನವೆಲ್ಲ ದೊರೆಗಳ ವೇಷವನ್ನು ಬೈದ ಹೆಂಗಸು ಅವತ್ತು ಕಟ್ಟಿದ ವೇಷವನ್ನು ನಾನು ಆಮೇಲೆ ಯಾವ ನಾಟಕದಲ್ಲೂ ನೋಡಲಿಲ್ಲ. ಆ ಗದ್ದಲದ ಮಧ್ಯೆ ದೊರೆ ಒಂದೇ ಒಂದು ಸಲ ನಮ್ಮ ಕಡೆ ತಿರುಗಿದರು. ಅತ್ತೆ ಅಳುತ್ತಳುತ್ತಲೇ ಸೆರಗಿನ ಮರೆಯಲ್ಲಿ ಕೈಮುಗಿದರು.

ಇದರಲ್ಲಿ ನಗುವುದಷ್ಟೇ ಇಲ್ಲ. ಅವತ್ತು ಪಕ್ಕಕ್ಕೆ ನಿಂತವರಲ್ಲಿ ನಮ್ಮ ಬೀದಿಯ ಕೆಂಪಮ್ಮನ ಮಗನೂ ಇದ್ದ. ಅವನು ಹೋದ, ಬರಲಿಲ್ಲ. ಕೆಂಪಮ್ಮನ ಜಗಲಿಯಲ್ಲಿ ಯಾವ ದೊರೆಯೂ ಬೂಟು ಬಿಚ್ಚಲಿಲ್ಲ, ಅಷ್ಟೇ ವ್ಯತ್ಯಾಸ. ಅತ್ತೆ ಬದುಕಿರುವ ತನಕ ಕರೆದ ಹಾಲಿನಲ್ಲಿ ಮೊದಲ ಚೆಂಬು ಆ ಮನೆಗೆ ಕಳಿಸುತ್ತಿದ್ದರು. ಯಾಕೆಂದು ಕೆಂಪಮ್ಮ ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ನನಗೆ ಮಾತ್ರ ಆ ಚೆಂಬು ಹೊತ್ತು ಹೋಗುವಾಗ ತಲೆ ಎತ್ತಲು ಆಗುತ್ತಿರಲಿಲ್ಲ.

ಚಿಕ್ಕ ದೊರೆ ಏನಾದರೋ ನಮಗೆ ಸರಿಯಾಗಿ ತಿಳಿಯಲಿಲ್ಲ. ಹಟ ಹಿಡಿದು ಬರ್ಮಾ ಕಡೆಗೆ ಹೋದರು ಎಂದು ಒಬ್ಬರೆಂದರು. ಇಲ್ಲ, ಯಾವುದೋ ಕಚೇರಿಯಲ್ಲಿ ಕೂತು ಕಂಬಳಿ ಹಂಚುತ್ತಿದ್ದಾರೆ ಎಂದು ಇನ್ನೊಬ್ಬರೆಂದರು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ದೊರೆಗಳ ಮಾತೇ ಹಿಂದಕ್ಕೆ ಸರಿಯಿತು. ನಮ್ಮ ಮನೆಯೊಂದನ್ನು ಬಿಟ್ಟು. ಅಲ್ಲಿ ಮಾತ್ರ ಪಕ್ಷಗಳು ಅದಲುಬದಲಾಗಿ ವಾದ ಹಾಗೇ ಮುಂದುವರಿಯಿತು.

“ಏಸದೋನು ಕಣವ್ವ ಅವ್ನು!” ಎನ್ನುತ್ತಿದ್ದರು ನಮ್ಮನೆಯವರು, ಐದಾರು ವರ್ಷಗಳಾದ ಮೇಲೂ. “ಟೇಪ್ ಇಡ್ಯಕ್ ಬರ್ದೋನು ಬಂದೂಕ ಇಡ್ದಾನಾ? ನನ್ ಎದೆ ಸಾಲ್ದಂತೆ! ಈ ಎದೆ!”

“ಸುಮ್ಕಿರ್ಲಾ ನಿಂಗ. ದಿಟದ ದೊರೆ ಅವ್ರು. ಅವತ್ತು ಮಾಡೋ ಕೆಲ್ಸಾನೇ ಮಾಡೋದ್ರು.”

“ಏನ್ ಮಾಡುದ್ರು? ನೀನ್ ಕಂಡಿದ್ದೇನು? ಸಾಕ್ಷಿ ಎಲ್ಲದೆ, ತೋರ್ಸು ನೋಡಾನ!”

ಅತ್ತೆ ನನ್ನ ಮುಖ ನೋಡುತ್ತಿದ್ದರು. ನಾನು ಸಾರಿನ ಸೌಟಿನ ಕಡೆ ನೋಡುತ್ತಿದ್ದೆ. ಸಾಕ್ಷಿ ಅಲ್ಲೇ ನಮ್ಮೆದುರಿಗೆ, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇನ್ನೊಂದು ಮುದ್ದೆ ಹಾಕು ಎಂದು ತಟ್ಟೆ ಮುಂದಕ್ಕೆ ತಳ್ಳುತ್ತಿತ್ತು.